ನೆರೆಯವರ ಪೈಪೋಟಿ

ಪಾಂಡವ ಕೌರವರ ವೈರಕ್ಕೆ ಜೂಜಿನ ಹಲಗೆಯೇ ಮೂಲವೆಂದು ನಾವು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಭಾರತದ ಕಥೆಯನ್ನು ಮೊದಲಿನಿಂದ ಕೇಳಿದವರಿಗೆ ಗೊತ್ತಿದೆ, ಆ ವೈರದ ಬೀಜ ಬಿದ್ದದ್ದು ಆಟದ ಬಯಲಿನಲ್ಲಿ. ಓಟದಲ್ಲಿ, ಕುಸ್ತಿಯಲ್ಲಿ, ನೀರಾಟದಲ್ಲಿ ಭೀಮಸೇನನು ದಾಯಾದಿಗಳನ್ನು ಹಣ್ಣುಗಾಯಿ ಮಾಡುತ್ತಿದ್ದ. ಅವರು ಮರ ಹತ್ತಿದರೆ ಮರವನ್ನೇ ಒದ್ದು ಹಣ್ಣಿನೊಡನೆ ಅವರನ್ನೂ ಉದುರಿಸುತ್ತಿದ್ದ. ಅದೇ ಹುಡುಗರ ಚೆಂಡು ಒಂದು ದಿನ ಬಾವಿಗೆ ಬಿದ್ದಾಗ ನೂರೈವರೂ ಒಟ್ಟಾಗಿ ಬಾವಿಯೊಳಕ್ಕೆ ಬಗ್ಗಿ ನೋಡುತ್ತ ನಿಂತರು. ದ್ರೋಣಾಚಾರ್ಯರು ಬಂದು ಹುಲ್ಲುಕಡ್ಡಿಗಳಿಂದ ಅದನ್ನು ಎತ್ತಿಕೊಟ್ಟರು. ಆ ಗಳಿಗೆಯಲ್ಲಿ ಅಲ್ಲಿ ಎರಡು ಪಕ್ಷಗಳಿರಲಿಲ್ಲ, ಒಂದೇ ಚೆಂಡಿತ್ತು. ನೆರೆಹೊರೆಯವರ ಪೈಪೋಟಿ ಎಲ್ಲಿಯವರೆಗೆ ಆಟ, ಎಲ್ಲಿಂದಾಚೆಗೆ ಹಗೆ ಎಂಬುದು ಅಂದಿನಿಂದ ಇಂದಿನವರೆಗೂ ಮನುಷ್ಯನಿಗೆ ತಿಳಿಯದೆ ಉಳಿದಿರುವ ಲೆಕ್ಕ.

ಈ ಮಾತನ್ನು ನಮ್ಮ ಪತ್ರಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಾಗಿ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಬಂದು ನೆಲೆಸಿದವರು. ಬಂದರು, ಉಕ್ಕಿನ ಕಾರ್ಖಾನೆ, ಬ್ಯಾಂಕು, ಕಚೇರಿ ಎಂದು ಒಬ್ಬೊಬ್ಬರು ಒಂದೊಂದು ಕಡೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು, ಪಕ್ಕದ ಮನೆಯವರೊಡನೆ ಅರ್ಧಂಬರ್ಧ ತಮಿಳು. ಇಂಥವರಿಗೆ ‘ನಮ್ಮವರು’ ಎಂಬ ಮಾತು ಪಂಚಾಂಗದ ತಿಥಿಯಂತೆ. ದಿನಕ್ಕೊಂದು ತರಹ ಬದಲಾಗುತ್ತದೆ. ಅದು ಬದಲಾಗದೆ ನೆಟ್ಟಗೆ ನಿಲ್ಲುವ ಜಾಗ ಒಂದಿದ್ದರೆ ಅದು ಆಟದ ಬಯಲು. ಕರ್ನಾಟಕದ ಪಕ್ಷ ಆಡುತ್ತಿದೆಯೆಂದರೆ ನಾವು ಕರ್ನಾಟಕದವರು. ಎದುರಿಗೆ ತಮಿಳುನಾಡು ಇದ್ದರಂತೂ ಕೇಳುವುದೇ ಬೇಡ.

ಅಂಥ ಒಂದು ಪಂದ್ಯ ನಮ್ಮ ಮನೆಬಾಗಿಲಿಗೇ ಬಂದಿತ್ತು. ಋಷಿಕೊಂಡದ ಕಡಲ ದಂಡೆಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಮಧುರವಾಡದ ಬಳಿಯ ಪೋತಿನಮಲ್ಲಯ್ಯ ಪಾಲೆಂನಲ್ಲಿ ಆಂಧ್ರ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವಿದೆ. ೨೦೦೫ರ ಏಪ್ರಿಲ್ ೫ರಂದು ಧೋನಿಯವರು ಪಾಕಿಸ್ತಾನದ ಎದುರು ೧೪೮ ರನ್ನು ಹೊಡೆದು ದೇಶಕ್ಕೆಲ್ಲ ಪರಿಚಿತರಾದದ್ದು ಇಲ್ಲಿಯೇ. ೨೦೧೬ರ ನವೆಂಬರಿನಲ್ಲಿ ಇಂಗ್ಲೆಂಡಿನ ಎದುರು ಇಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದು, ಭಾರತ ೨೪೬ ರನ್ನುಗಳಿಂದ ಗೆದ್ದಿತು. ಅದಾದ ತಿಂಗಳಿಗೆ, ಡಿಸೆಂಬರ್ ೨೩ರ ಶುಕ್ರವಾರ, ರಣಜಿ ಪಂದ್ಯಾವಳಿಯ ಕ್ವಾರ್ಟರ್ ಫೈನಲ್ ಆಟಕ್ಕೆ ಕರ್ನಾಟಕವೂ ತಮಿಳುನಾಡೂ ಇದೇ ಬಯಲಿಗೆ ಇಳಿದವು.

ನಮ್ಮ ಕಡೆಯವರ ಬಲವನ್ನು ನೋಡಿ. ಆ ಪಂದ್ಯಕ್ಕೆ ನಾಲ್ಕೈದು ದಿನಗಳ ಹಿಂದೆ ಚೆನ್ನೈಯ ಚೆಪಾಕಿನಲ್ಲಿ, ಇಂಗ್ಲೆಂಡಿನ ಎದುರು ಕೆ. ಎಲ್. ರಾಹುಲ್ ೧೯೯ ಹೊಡೆದಿದ್ದರು. ಕರುಣ್ ನಾಯರ್ ೩೦೩ ಹೊಡೆದು ಔಟಾಗದೆ ಉಳಿದಿದ್ದರು. ಇಬ್ಬರೂ ಆ ಬಿಸಿ ಆರುವ ಮೊದಲೇ ವಿಶಾಖಪಟ್ಟಣಕ್ಕೆ ಬಂದು ಕರ್ನಾಟಕದ ಪಕ್ಷದಲ್ಲಿ ನಿಂತರು. ದಾವಣಗೆರೆಯ ವಿನಯ್ ಕುಮಾರ್ ನಾಯಕರು. ನಮ್ಮ ಬಳಗದವರೆಲ್ಲ ಆಗಲೇ ಸೆಮಿಫೈನಲಿನ ಲೆಕ್ಕ ಹಾಕುತ್ತಿದ್ದರು.

ನಡೆದದ್ದೇ ಬೇರೆ. ಅಶ್ವಿನ್ ಕ್ರಿಸ್ಟ್ ಎಂಬ ವೇಗದ ಬೌಲರು ೩೧ ರನ್ನಿಗೆ ೬ ವಿಕೆಟ್ಟು ಕಿತ್ತರು. ಕರ್ನಾಟಕದ ಮೊದಲ ಇನ್ನಿಂಗ್ಸು ೮೮ಕ್ಕೆ ಮುಗಿಯಿತು. ತಮಿಳುನಾಡೂ ಬಹಳ ದೂರ ಹೋಗಲಿಲ್ಲ, ೧೫೨. ಎರಡನೆಯ ಸಲ ರಾಹುಲ್ ಒಬ್ಬರೇ ೭೭ ಹೊಡೆದರೂ ಕರ್ನಾಟಕದ ಒಟ್ಟು ೧೫೦. ಗೆಲ್ಲಲು ಬೇಕಾಗಿದ್ದ ೮೭ ರನ್ನನ್ನು ತಮಿಳುನಾಡು ೩ ವಿಕೆಟ್ಟಿಗೆ ಹೊಡೆದು ಮುಗಿಸಿತು. ಐದು ದಿನದ ಪಂದ್ಯ ಎರಡೇ ದಿನಕ್ಕೆ ಸಮಾಪ್ತಿ!

ಕಚೇರಿಯ ನೌಕರರ ಪಾಡನ್ನು ಇಲ್ಲಿ ಹೇಳಲೇಬೇಕು. ಶುಕ್ರವಾರ ರಜ ಸಿಕ್ಕುವುದಿಲ್ಲ. ಮರುದಿನ ನಾಲ್ಕನೆಯ ಶನಿವಾರ. ಅದು ಬ್ಯಾಂಕಿನ ಮಹನೀಯರಿಗೆ ರಜವೇ ಹೊರತು ಎಲ್ಲರಿಗೂ ಅಲ್ಲ. ಭಾನುವಾರವೇ ಕ್ರಿಸ್‌ಮಸ್, ಅಂದು ಪುಳಿಯೋಗರೆ ಕಟ್ಟಿಕೊಂಡು ಸಂಸಾರ ಸಮೇತ ಹೋಗುವುದೆಂದು ಹಲವು ಮನೆಗಳಲ್ಲಿ ಏರ್ಪಾಡಾಗಿತ್ತು. ಪಂದ್ಯ ಶನಿವಾರವೇ ಮುಗಿದುಹೋಯಿತು. ಪುಳಿಯೋಗರೆಯನ್ನು ಋಷಿಕೊಂಡದ ಮರಳಿನ ಮೇಲೆ ಕುಳಿತು ತಿಂದೆವು. ಸೋಮವಾರ ಕಚೇರಿಗೆ ಹೋದರೆ ನಮ್ಮ ಪಕ್ಕದ ಮೇಜಿನ ಮಧುರೆಯ ಮಿತ್ರರು ಕಡತದಿಂದ ತಲೆಯೆತ್ತದೆಯೇ, “ಏನು ಸಾರ್, ಎಂಬತ್ತೆಂಟೇ?” ಎಂದು ಕೇಳಿದರು. ಅವರು ಆ ವರ್ಷ ಮುಗಿಯುವ ತನಕ ನಮ್ಮನ್ನು ಕರೆಯುತ್ತಿದ್ದದ್ದೇ ‘ಎಂಬತ್ತೆಂಟು’ ಎಂದು.

ಆಗ ಅವರ ಬಾಯಿ ಮುಚ್ಚಿಸಲು ನಾವು ಹಳೆಯ ಲೆಕ್ಕಪತ್ರಗಳನ್ನು ತೆಗೆಯಬೇಕಾಯಿತು. ತೆಗೆದರೆ ಸಿಕ್ಕಿದ್ದೇನು? ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದದ್ದು ೧೯೩೪ರ ನವೆಂಬರ್ ೪ರಂದು ಚೆಪಾಕಿನಲ್ಲಿ. ಆಡಿದವರು ಯಾರು? ಇದೇ ಎರಡು ನೆರೆಮನೆಗಳು. ಆಗ ಅವುಗಳ ಹೆಸರು ಮೈಸೂರು ಮತ್ತು ಮದರಾಸು. ಮೊದಲ ಚೆಂಡನ್ನು ಎಸೆದವರು ಮದರಾಸಿನ ಎಂ. ಜೆ. ಗೋಪಾಲನ್. ಎ. ಜಿ. ರಾಮ್ ಸಿಂಗ್ ಅವರು ೩೫ ರನ್ನಿಗೆ ೧೧ ವಿಕೆಟ್ಟು ಪಡೆದರು. ಮೈಸೂರು ೪೮, ಮತ್ತೆ ೫೯. ಮದರಾಸು ಒಂದೇ ಸಲಕ್ಕೆ ೧೩೦. ಸೂರ್ಯ ಮುಳುಗುವುದರೊಳಗೆ ಎಲ್ಲವೂ ಮುಗಿದು, ನಮ್ಮವರು ಇನ್ನಿಂಗ್ಸ್ ಮತ್ತು ೨೩ ರನ್ನುಗಳಿಂದ ಸೋತಿದ್ದರು. ಮಿತ್ರರ ಬಾಯಿ ಮುಚ್ಚಿಸಲು ಹೋದ ನಮಗೆ ಇದು ತಕ್ಕ ಆಯುಧವಾಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮೈಸೂರು ೧೯೪೧-೪೨ರಲ್ಲಿಯೂ ೧೯೫೯-೬೦ರಲ್ಲಿಯೂ ಅಂತಿಮ ಪಂದ್ಯದವರೆಗೆ ಹೋಗಿ ಎರಡು ಸಲವೂ ಬೊಂಬಾಯಿಗೆ ಸೋತಿತು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಆ ಹೆಸರು ಹೊತ್ತ ಮೊದಲ ಋತುವಿನಲ್ಲಿಯೇ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕಪ್ಪು ಮನೆಗೆ ಬಂದಿತು. ಅದಕ್ಕೆ ಮೊದಲು ೧೫ ವರ್ಷ ಒಂದೇ ಸಮನೆ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲಿನಲ್ಲಿ ತಡೆದು ನಿಲ್ಲಿಸಿದ್ದು ಗುಂಡಪ್ಪ ವಿಶ್ವನಾಥರ ೧೬೨, ಬ್ರಿಜೇಶ್ ಪಟೇಲರ ೧೦೬. ೨೦೨೪-೨೫ರ ಋತುವಿನವರೆಗೆ ಲೆಕ್ಕ ಹಾಕಿದರೆ ಕರ್ನಾಟಕ ೮ ಸಲ ಗೆದ್ದಿದೆ. ತಮಿಳುನಾಡು ೧೯೫೪-೫೫ ಮತ್ತು ೧೯೮೭-೮೮, ಹೀಗೆ ೨ ಸಲ. ಈ ಎರಡು ನೆರೆಮನೆಗಳೇ ಅಂತಿಮ ಪಂದ್ಯದಲ್ಲಿ ಎದುರಾದಾಗಲೂ ೧೯೯೫-೯೬ರಲ್ಲಿ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕಪ್ಪು ನಮ್ಮದಾಯಿತು. ೨೦೧೫ರ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಕರುಣ್ ನಾಯರ್ ೩೨೮, ರಾಹುಲ್ ೧೮೮, ಒಟ್ಟು ೭೬೨. ನಾವು ಗೆದ್ದದ್ದು ಇನ್ನಿಂಗ್ಸ್ ಮತ್ತು ೨೧೭ ರನ್ನುಗಳಿಂದ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮಧುರೆಯ ಮಿತ್ರರ ಮೇಜಿನ ಗಾಜಿನ ಕೆಳಗೆ ಸೇರಿಸಿದೆವು. ಅವರು ಅದನ್ನು ತೆಗೆಯಲಿಲ್ಲ. ಅದರ ಪಕ್ಕದಲ್ಲಿ ‘೮೮’ ಎಂದು ಕೆಂಪು ಮಸಿಯಲ್ಲಿ ಬರೆದ ಇನ್ನೊಂದು ಚೀಟಿ ಇಟ್ಟರು.

ಈಚಿನ ವರ್ಷಗಳಲ್ಲಿ ಈ ಪೈಪೋಟಿ ಇನ್ನಷ್ಟು ಏರಿತು. ೨೦೧೯ರ ಅಕ್ಟೋಬರ್ ೨೫ರಂದು ಬೆಂಗಳೂರಿನಲ್ಲಿ ವಿಜಯ್ ಹಜಾರೆ ಪಂದ್ಯಾವಳಿಯ ಅಂತಿಮ ಆಟ. ಅಭಿಮನ್ಯು ಮಿಥುನ್ ತಮ್ಮ ಹುಟ್ಟುಹಬ್ಬದ ದಿನವೇ ಹ್ಯಾಟ್ರಿಕ್ ಸಾಧಿಸಿ ತಮಿಳುನಾಡನ್ನು ಕೆಡವಿದರು. ಅದೇ ವರ್ಷ ಡಿಸೆಂಬರ್ ೧ರಂದು ಸೂರತ್ತಿನಲ್ಲಿ ಸೈಯದ್ ಮುಷ್ತಾಕ್ ಅಲಿ ಪಂದ್ಯಾವಳಿಯ ಅಂತಿಮ ಆಟ. ಕರ್ನಾಟಕ ೧೮೦, ತಮಿಳುನಾಡು ೧೭೯. ಒಂದೇ ಒಂದು ರನ್ನು! ಅದಕ್ಕೆ ಬಡ್ಡಿಸಹಿತ ತೀರುವಳಿಯಾದದ್ದು ೨೦೨೧ರ ನವೆಂಬರ್ ೨೨ರಂದು, ದಿಲ್ಲಿಯಲ್ಲಿ. ಕೊನೆಯ ಚೆಂಡಿಗೆ ತಮಿಳುನಾಡಿಗೆ ೫ ರನ್ನು ಬೇಕಾಗಿತ್ತು. ಶಾರುಖ್ ಖಾನ್ ಎಂಬ ಆಟಗಾರರು (ಸಿನಿಮಾದವರಲ್ಲ) ಅದನ್ನು ಸಿಕ್ಸರಿಗೆ ಎತ್ತಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಇಂಥ ನೆರೆಮನೆ ಪೈಪೋಟಿಯ ರುಚಿಯನ್ನು ಚೆನ್ನಾಗಿ ಬಲ್ಲ ಇನ್ನೊಂದು ಜನವಿದೆ. ಅವರು ಐರ್ಲೆಂಡಿನವರು. ಅಲ್ಲಿ ಹರ್ಲಿಂಗ್ ಎಂಬ ಬಹು ಪ್ರಾಚೀನವಾದ ಆಟವಿದೆ. ಪಕ್ಷಕ್ಕೆ ೧೫ ಜನ. ಬಯಲು ಹಾಕಿಯ ಬಯಲಿಗಿಂತ ಸುಮಾರು ಒಂದೂವರೆ ಪಟ್ಟು ಉದ್ದ. ಕೈಯಲ್ಲಿ ಬೂದಿಬಣ್ಣದ ಆಷ್ ಮರದಿಂದ ಕಡೆದ, ತುದಿ ಅಗಲವಾದ ದಾಂಡು. ಚೆಂಡನ್ನು ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು. ದಾಂಡಿನ ತುದಿಯಲ್ಲಿ ಇಟ್ಟುಕೊಂಡು ಓಡಲೂಬಹುದು, ಮದುವೆಮನೆಯಲ್ಲಿ ಹುಡುಗರು ಚಮಚೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಹಾಗೆ. ಆದರೆ ಇಲ್ಲಿ ನಾಲ್ಕು ಜನ ದಾಂಡು ಬೀಸುತ್ತ ಬೆನ್ನು ಹತ್ತಿರುತ್ತಾರೆ. ಗೋಲಿನ ಬಲೆಯೊಳಗೆ ಹೊಡೆದರೆ ೩ ಅಂಕ, ಅಡ್ಡಪಟ್ಟಿಯ ಮೇಲಿಂದ ಹಾರಿಸಿದರೆ ೧ ಅಂಕ. ತಲೆಗೆ ಶಿರಸ್ತ್ರಾಣ ಕಡ್ಡಾಯವಾದದ್ದೇ ೨೦೧೦ರಲ್ಲಿ ಎಂದರೆ ಆಟಗಾರರ ಎದೆಗಾರಿಕೆಯನ್ನು ಊಹಿಸಿಕೊಳ್ಳಬಹುದು.

ಇಂಗ್ಲಿಷರ ಆಳ್ವಿಕೆಯಲ್ಲಿ ಈ ಆಟ ಮೂಲೆಗುಂಪಾಗುತ್ತಿದ್ದಾಗ, ಮೈಕೆಲ್ ಕ್ಯೂಸಾಕ್ ಮೊದಲಾದ ಕೆಲವರು ಥರ್ಲ್ಸ್ ಎಂಬ ಪಟ್ಟಣದ ಒಂದು ಹೋಟೆಲಿನಲ್ಲಿ ಸೇರಿ ದೇಶೀಯ ಆಟಗಳ ಸಂಘವೊಂದನ್ನು ಸ್ಥಾಪಿಸಿದರು. ಈ ಕ್ಯೂಸಾಕ್ ಮಹಾಶಯರು ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಹುಡುಗರನ್ನು ಅಣಿಮಾಡುವ ಪಾಠಶಾಲೆ ನಡೆಸುತ್ತಿದ್ದವರು ಎಂಬುದು ನಮ್ಮಂಥ ಗುಮಾಸ್ತರಿಗೆ ಸ್ವಲ್ಪ ಹೆಮ್ಮೆಯ ವಿಷಯ. ಸಂಘ ಹುಟ್ಟಿದ ದಿನ ಯಾವುದು ಗೊತ್ತೇ? ೧೮೮೪ರ ನವೆಂಬರ್ ೧. ನಮ್ಮ ರಾಜ್ಯೋತ್ಸವದ ತಾರೀಖೇ! ೧೮೮೭ನೆಯ ವರ್ಷದ ಮೊದಲ ಅಖಿಲ ಐರ್ಲೆಂಡ್ ಪಂದ್ಯಾವಳಿಯ ಅಂತಿಮ ಆಟ ನಡೆದದ್ದು ೧೮೮೮ರ ಏಪ್ರಿಲ್ ೧ರಂದು. ಟಿಪ್ಪರರಿಯವರು ಗಾಲ್ವೆಯವರನ್ನು ಸೋಲಿಸಿದರು. ಅಲ್ಲಿಂದ ಇಲ್ಲಿಯವರೆಗೆ ಪಕ್ಷಗಳು ಕಟ್ಟುವುದು ಕೌಂಟಿಯ ಹೆಸರಿನಲ್ಲಿ. ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ. ಇಡೀ ದ್ವೀಪದಲ್ಲಿ ೩೨ ಇವೆ. ಕಿಲ್ಕೆನ್ನಿಯವರದು ಕಪ್ಪು-ಹಳದಿ ಪಟ್ಟೆ, ಕಾರ್ಕಿನವರದು ಕೆಂಪು, ಟಿಪ್ಪರರಿಯವರದು ನೀಲಿ-ಬಂಗಾರ, ಲಿಮೆರಿಕ್ಕಿನವರದು ಹಸಿರು.

ಕಿಲ್ಕೆನ್ನಿ ಮತ್ತು ಟಿಪ್ಪರರಿ ಮಗ್ಗುಲು ಮಗ್ಗುಲಿನ ಕೌಂಟಿಗಳು. ಒಬ್ಬರ ಹೊಲದ ಬೇಲಿಯ ಆಚೆ ಇನ್ನೊಬ್ಬರ ಹೊಲ. ೨೦೦೬ರಿಂದ ೨೦೦೯ರವರೆಗೆ ಸತತ ನಾಲ್ಕು ವರ್ಷ ಗೆದ್ದ ಕಿಲ್ಕೆನ್ನಿ ಐದನೆಯದಕ್ಕೆ ಕೈಚಾಚಿದಾಗ, ೨೦೧೦ರಲ್ಲಿ ಆ ಕೈಯನ್ನು ಹಿಡಿದವರು ಟಿಪ್ಪರರಿಯವರೇ. ೨೦೦೯, ೨೦೧೦, ೨೦೧೧, ೨೦೧೪, ೨೦೧೬, ೨೦೧೯, ಹೀಗೆ ಹನ್ನೊಂದು ವರ್ಷಗಳಲ್ಲಿ ಆರು ವರ್ಷ ಅಂತಿಮ ಪಂದ್ಯ ಇವರಿಬ್ಬರ ನಡುವೆಯೇ ನಡೆಯಿತು. ಮೂರು ಸಲ ಅವರು, ಮೂರು ಸಲ ಇವರು. ೨೦೨೫ರ ಜುಲೈಯಲ್ಲಿ ಟಿಪ್ಪರರಿ ಇನ್ನೊಬ್ಬ ನೆರೆಯವರಾದ ಕಾರ್ಕಿನ ಮೇಲೆ ಬಿದ್ದಿತು. ಅರ್ಧ ಆಟ ಮುಗಿದಾಗ ಕಾರ್ಕ್ ೬ ಅಂಕ ಮುಂದಿತ್ತು. ಉಳಿದರ್ಧದಲ್ಲಿ ಅದಕ್ಕೆ ದಕ್ಕಿದ್ದು ಕೇವಲ ೨ ಅಂಕ. ಕಪ್ಪು ಟಿಪ್ಪರರಿಗೆ ಹೋಯಿತು. ಎಂಬತ್ತೆಂಟರ ನೋವು ಪ್ರಪಂಚದಲ್ಲಿ ನಮಗೊಬ್ಬರಿಗೇ ಅಲ್ಲ.

ಈ ಆಟಗಾರರಿಗೆ ಸಂಬಳವಿಲ್ಲ ಎಂಬುದು ನಮ್ಮನ್ನು ಬಹಳ ಸೋಜಿಗಗೊಳಿಸಿದ ಸಂಗತಿ. ಭಾನುವಾರ ಎಂಬತ್ತು ಸಾವಿರ ಜನರ ಮುಂದೆ ಆಡಿದವರು ರಜ ಮುಗಿದ ಮೇಲೆ ಶಾಲೆಯಲ್ಲಿ ಪಾಠ ಹೇಳಬೇಕು, ಇಲ್ಲವೆ ಹೊಲ ನೋಡಬೇಕು, ಇಲ್ಲವೆ ನಮ್ಮ ಹಾಗೆ ಕಚೇರಿಯ ಮೇಜಿಗೆ ಬಂದು ಕೂರಬೇಕು. ೧೯೯೯ರಿಂದ ೨೦೨೨ರವರೆಗೆ ಕಿಲ್ಕೆನ್ನಿಯನ್ನು ತರಬೇತುಮಾಡಿ ೧೧ ಸಲ ಕಪ್ಪು ಗೆಲ್ಲಿಸಿದ ಬ್ರಯಾನ್ ಕೋಡಿಯವರು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಸಾಮಾನ್ಯವಾಗಿ ಹುಡುಗ ಹುಟ್ಟಿ ಬೆಳೆದ ಊರಿನ ಸಂಘ ಯಾವುದೋ ಅದೇ ಅವನ ಸಂಘ, ಆ ಊರು ಯಾವ ಕೌಂಟಿಗೆ ಸೇರಿದೆಯೋ ಅದೇ ಅವನ ಕೌಂಟಿ. ಹಣ ಕೊಟ್ಟು ಕೊಳ್ಳುವಂತಿಲ್ಲ, ಹರಾಜು ಕೂಗುವಂತಿಲ್ಲ.

ಅಂತಿಮ ಪಂದ್ಯ ನಡೆಯುವುದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ. ಕಾರ್ಕಿನವರಿಗೂ ಟಿಪ್ಪರರಿಯವರಿಗೂ ಅದು ಪರಸ್ಥಳ. ೨೦೧೬ರಲ್ಲಿ ನಮ್ಮ ಕ್ರಿಕೆಟ್ ಮಂಡಲಿಯವರೂ ಇದೇ ಪರಸ್ಥಳದ ನಿಯಮ ತಂದರು. ತವರಿನವರು ತಮಗೆ ಒಗ್ಗುವ ಹಾಗೆ ಪಿಚ್ಚು ಮಾಡಿಕೊಳ್ಳುತ್ತಾರೆ, ಆದ್ದರಿಂದ ಎಲ್ಲ ಪಂದ್ಯಗಳೂ ಮೂರನೆಯವರ ಊರಿನಲ್ಲಿ ನಡೆಯಲಿ ಎಂಬುದು ಅವರ ವಾದ. ವಾದದಲ್ಲಿ ನ್ಯಾಯವಿತ್ತು. ಬೆಂಗಳೂರಿಗೂ ಅಲ್ಲ, ಚೆನ್ನೈಗೂ ಅಲ್ಲ ಎಂದು ನಮ್ಮ ವಿಶಾಖಪಟ್ಟಣಕ್ಕೆ ಆ ಪಂದ್ಯ ಬಂದದ್ದು ಹೀಗೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಐರ್ಲೆಂಡ್ ಚಿಕ್ಕ ದ್ವೀಪ. ಬೆಳಗ್ಗೆ ಹೊರಟರೆ ಯಾವ ಮೂಲೆಯಿಂದಲಾದರೂ ಮಧ್ಯಾಹ್ನದ ಆಟಕ್ಕೆ ಕ್ರೋಕ್ ಪಾರ್ಕ್ ಮುಟ್ಟಬಹುದು. ಪರಸ್ಥಳವಾದರೂ ಅಲ್ಲಿ ತವರಿನವರೇ ತುಂಬಿರುತ್ತಾರೆ. ದಾವಣಗೆರೆಯವರು ವಿಶಾಖಪಟ್ಟಣಕ್ಕೆ ಬರಬೇಕಾದರೆ ಎರಡು ದಿನದ ರೈಲು ಪ್ರಯಾಣದ ಮಾತು. ಪೈಪೋಟಿ ಇಲ್ಲಿಗೆ ಬಂತು, ಅದನ್ನು ಪೈಪೋಟಿಯನ್ನಾಗಿ ಮಾಡುವ ಜನ ಹಿಂದೆಯೇ ಉಳಿದರು. ನೆಂಟರಿಲ್ಲದ ಮದುವೆಯಲ್ಲಿ ತಾಳಿ ಕಟ್ಟಿದ ಹಾಗೆ, ಶಾಸ್ತ್ರವೇನೋ ಪೂರ್ತಿಯಾಗುತ್ತದೆ. ಲೀಗ್ ಪಂದ್ಯಗಳ ಮಟ್ಟಿಗೆ ಮಂಡಲಿಯವರು ಮರುವರ್ಷವೇ ಆ ನಿಯಮವನ್ನು ಕೈಬಿಟ್ಟದ್ದರಲ್ಲಿ ನಮಗೆ ಆಶ್ಚರ್ಯ ಕಾಣುವುದಿಲ್ಲ.

ಕ್ರೋಕ್ ಪಾರ್ಕಿನ ಇನ್ನೊಂದು ಪದ್ಧತಿಯೇ ನಮ್ಮ ಈ ಲೇಖನಕ್ಕೆ ನಿಜವಾದ ಪ್ರೇರಣೆ. ಅಲ್ಲಿ ಎರಡು ಪಕ್ಷದ ಅಭಿಮಾನಿಗಳನ್ನು ಬೇಲಿ ಹಾಕಿ ಬೇರೆ ಬೇರೆ ಕೂಡಿಸುವುದಿಲ್ಲ. ಕೆಂಪು ಅಂಗಿಯ ಪಕ್ಕದಲ್ಲಿ ನೀಲಿ ಅಂಗಿ, ಅದರ ಪಕ್ಕದಲ್ಲಿ ಮತ್ತೆ ಕೆಂಪು. ಗಂಟಲು ಹರಿಯುವ ಹಾಗೆ ಕೂಗುತ್ತಾರೆ, ಒಬ್ಬರನ್ನೊಬ್ಬರು ಹಂಗಿಸುತ್ತಾರೆ, ಜೊತೆಯಲ್ಲೇ ಮೆಟ್ಟಿಲಿಳಿದು ಹೋಗುತ್ತಾರೆ. ಇದು ಸುಲಭವಾಗಿ ಬಂದ ಗುಣವೆಂದು ತಿಳಿಯಬಾರದು. ೧೯೨೨-೨೩ರಲ್ಲಿ ಆ ದೇಶದಲ್ಲಿ ಅಂತರ್ಯುದ್ಧ ನಡೆದು ಅಣ್ಣತಮ್ಮಂದಿರೇ ಗುಂಡು ಹಾರಿಸಿಕೊಂಡಿದ್ದರು. ಅದು ಮುಗಿದ ಕೆಲವೇ ಕಾಲದಲ್ಲಿ ಕೆರ್ರಿ ಕೌಂಟಿಯ ಪಕ್ಷದಲ್ಲಿ, ಅದು ಅವರ ದೇಶೀಯ ಫುಟ್‌ಬಾಲ್ ಆಟದ್ದು, ಆ ಕಾಳಗದ ಎರಡು ಕಡೆಯವರೂ ಒಂದೇ ಅಂಗಿ ತೊಟ್ಟು ಜೊತೆಯಾಗಿ ಆಡಿದರು. ನ್ಯಾಯಾಲಯವೂ ರಾಜಕಾರಣಿಗಳೂ ಬೆಸೆಯಲಾರದ್ದನ್ನು ಒಂದು ಚೆಂಡು ಸ್ವಲ್ಪಮಟ್ಟಿಗಾದರೂ ಬೆಸೆಯಿತು.

ಇದನ್ನು ಓದುವಾಗ ನಮಗೆ ೨೦೧೬ರ ಸೆಪ್ಟೆಂಬರ್ ನೆನಪಿಗೆ ಬಾರದೆ ಇರಲಿಲ್ಲ. ಕಾವೇರಿಯ ನೀರಿನ ತೀರ್ಪಿನಿಂದ ಬೆಂಗಳೂರು ಹೊತ್ತಿ ಉರಿಯಿತು. ಸೆಪ್ಟೆಂಬರ್ ೧೨ರಂದು ತಮಿಳುನಾಡಿನ ನೋಂದಣಿಯ ಬಸ್ಸುಗಳು ಸಾಲುಸಾಲಾಗಿ ಬೂದಿಯಾದವು. ಗೋಲಿಬಾರಿನಲ್ಲಿ ಜೀವ ಹೋಯಿತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾಯಿತು. ಇತ್ತ ವಿಶಾಖಪಟ್ಟಣದಲ್ಲಿ ಕುಳಿತ ನಾವೂ ಮಧುರೆಯ ಮಿತ್ರರೂ ಆ ವಾರವೆಲ್ಲ ಒಟ್ಟಿಗೆ ಊಟದ ಡಬ್ಬಿ ಬಿಚ್ಚಿದರೂ ಕಾವೇರಿಯ ಮಾತು ಎತ್ತಲಿಲ್ಲ. ಇಬ್ಬರಿಗೂ ಊರಿನಲ್ಲಿ ಗದ್ದೆಯಿರುವ ನೆಂಟರಿದ್ದಾರೆ. ನೀರು ರನ್ನಿನಂತಲ್ಲ, ಈ ವರ್ಷ ಸೋತರೆ ಮುಂದಿನ ವರ್ಷ ನೋಡಿಕೊಳ್ಳೋಣ ಎಂದು ಬತ್ತದ ಸಸಿಗೆ ಹೇಳಲಾಗುವುದಿಲ್ಲ. ಹಾಗಾಗಿ ಅದನ್ನು ಆಟದೊಡನೆ ತೂಗುವುದು ತರವಲ್ಲ.

ಆದರೆ ಆ ಬೆಂಕಿ ಆರಿ ಮೂರು ತಿಂಗಳು ಕಳೆಯುವಷ್ಟರಲ್ಲಿ ನಡೆದದ್ದನ್ನು ನೋಡಿ. ಚೆಪಾಕಿನಲ್ಲಿ ಕರ್ನಾಟಕದ ಇಬ್ಬರು ಹುಡುಗರು ೧೯೯ ಮತ್ತು ೩೦೩ ಹೊಡೆದಾಗ ಚಪ್ಪಾಳೆ ತಟ್ಟಿದವರು ಚೆನ್ನೈಯ ಪ್ರೇಕ್ಷಕರೇ ಅಲ್ಲವೆ? ೧೯೯೯ರ ಜನವರಿಯಲ್ಲಿ ಪಾಕಿಸ್ತಾನ ಅದೇ ಬಯಲಿನಲ್ಲಿ ಭಾರತವನ್ನು ೧೨ ರನ್ನಿನಿಂದ ಸೋಲಿಸಿದಾಗಲೂ ಎದ್ದು ನಿಂತು ಮರ್ಯಾದೆ ತೋರಿಸಿದ ಜನ ಅವರು. ಇದರ ಮತ್ತೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ೨೦೧೮ರ ಏಪ್ರಿಲಿನಲ್ಲಿ ಕಾವೇರಿಯ ಚಳವಳಿಯ ಕಾರಣದಿಂದ ಚೆನ್ನೈಯ ಐ.ಪಿ.ಎಲ್. ಪಂದ್ಯಗಳನ್ನು ಪುಣೆಗೆ ಸಾಗಿಸಬೇಕಾಯಿತು. ಆಟದ ಬಯಲಿಗೆ ಹಗೆ ನುಗ್ಗುವುದಕ್ಕೆ ಹೆಚ್ಚು ಹೊತ್ತು ಬೇಡ. ಬಾಗಿಲು ಕಾಯುವವರು ಪೋಲೀಸರೊಬ್ಬರೇ ಆದರೆ ಸಾಲದು, ನೋಡುವವರೂ ಕಾಯಬೇಕು.

ಪ್ರಸನ್ನ ಮತ್ತು ವೆಂಕಟರಾಘವನ್ ಅವರ ಉದಾಹರಣೆಯನ್ನು ಇಲ್ಲಿ ಹೇಳಿದರೆ ತಪ್ಪಾಗಲಾರದು. ಒಬ್ಬರು ಕರ್ನಾಟಕದವರು, ಒಬ್ಬರು ತಮಿಳುನಾಡಿನವರು. ಇಬ್ಬರೂ ಇಂಜಿನಿಯರಿಂಗ್ ಪದವೀಧರರು, ಇಬ್ಬರೂ ಆಫ್‌ಸ್ಪಿನ್ ಬೌಲರುಗಳು. ಭಾರತದ ಪಕ್ಷದಲ್ಲಿ ಬಹಳ ಸಲ ಇದ್ದ ಜಾಗ ಒಂದೇ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಯಾರು ಮೇಲೆಂದು ಬೆಂಗಳೂರಿನ ಹೋಟೆಲುಗಳಲ್ಲಿಯೂ ಮದರಾಸಿನ ಹೋಟೆಲುಗಳಲ್ಲಿಯೂ ಎಷ್ಟು ಲೋಟ ಕಾಫಿ ಆರಿಹೋಯಿತೋ ಲೆಕ್ಕವಿಲ್ಲ. ಪ್ರಸನ್ನರು ೪೯ ಟೆಸ್ಟುಗಳಲ್ಲಿ ೧೮೯ ವಿಕೆಟ್ಟು ಪಡೆದರು, ವೆಂಕಟರಾಘವನ್ ೫೭ ಟೆಸ್ಟುಗಳಲ್ಲಿ ೧೫೬. ಈಗ ಬೇದಿ, ಚಂದ್ರಶೇಖರರೊಡನೆ ಸೇರಿಸಿ ನಾಲ್ವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅಂದಿನ ಪೈಪೋಟಿ ಇಂದು ಇಬ್ಬರಿಗೂ ಸೇರಿದ ಆಸ್ತಿ.

ಇನ್ನು ನಮ್ಮ ಮನೆಯ ಸಮಸ್ಯೆಗೆ ಬರೋ‍ಣ. ನಮ್ಮ ಮಗ ಇಲ್ಲಿಯೇ ಹುಟ್ಟಿದವನು, ಈಗ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾನೆ. ಅವನ ಗೆಳೆಯರು ತೆಲುಗರು; ಬೀದಿಯ ಪಕ್ಷಕ್ಕೆ ಅವನೇ ವಿಕೆಟ್ ಕೀಪರು. ಈಚೆಗೆ ಒಂದು ದಿನ, “ಅಪ್ಪಾ, ಕರ್ನಾಟಕಕ್ಕೂ ಆಂಧ್ರಕ್ಕೂ ಮ್ಯಾಚ್ ಆದರೆ ನಾನು ಯಾರ ಕಡೆ?” ಎಂದು ಕೇಳಿದ. ನಾವು ಉತ್ತರ ಹುಡುಕುವ ಮೊದಲೇ ನಮ್ಮ ಮನೆಯವರು ಅಡಿಗೆಮನೆಯಿಂದ, “ಗೆದ್ದವರ ಕಡೆ ಅಂತ ಮಾತ್ರ ಹೇಳಿಬಿಡಬೇಡ!” ಎಂದರು. ನಕ್ಕು ಮುಗಿಸಿದೆವು. ಆದರೆ ಪ್ರಶ್ನೆ ಹೋಗಲಿಲ್ಲ. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ಪ್ರತಿಯೊಂದು ಮನೆಯಲ್ಲಿಯೂ ಇಂಥ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ನಮ್ಮ ಅಭಿಮಾನವನ್ನು ಅವರ ತಲೆಗೆ ಕಟ್ಟಿದರೆ ಅವರು ಇಲ್ಲಿ ಯಾವಾಗಲೂ ಪರಕೀಯರಾಗಿಯೇ ಉಳಿಯುತ್ತಾರೆ. ಕಟ್ಟದೆ ಬಿಟ್ಟರೆ ಅಜ್ಜನ ಊರಿನ ಹೆಸರು ಅವರಿಗೆ ಅರ್ಜಿಯಲ್ಲಿ ತುಂಬುವ ಒಂದು ಕಲಮು ಮಾತ್ರವಾಗುತ್ತದೆ.

ದೇಶ ಬಿಟ್ಟು ಹೋದ ಐರಿಷ್ ಜನ ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡರು. ಲಂಡನ್ನಿನಲ್ಲಿ ನೆಲೆಸಿದವರು ತಮ್ಮದೊಂದು ಹರ್ಲಿಂಗ್ ಪಕ್ಷ ಕಟ್ಟಿ, ೧೯೦೧ನೆಯ ವರ್ಷದ ಪಂದ್ಯಾವಳಿಯಲ್ಲಿ ಬಲಿಷ್ಠವಾದ ಕಾರ್ಕನ್ನೇ ಸೋಲಿಸಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದರು. ಮನೆ ಬಿಟ್ಟು ಹೋದ ಮಕ್ಕಳು ಮನೆಗೆ ಬಂದು ದೊಡ್ಡಣ್ಣನನ್ನು ಕೆಡವಿದ ಹಾಗಾಯಿತು. ೧೯೪೭ರಲ್ಲಿ ಅವರ ಫುಟ್‌ಬಾಲಿನ ಅಂತಿಮ ಪಂದ್ಯವನ್ನು ಅಮೆರಿಕದಲ್ಲಿದ್ದ ತಮ್ಮವರಿಗಾಗಿ ನ್ಯೂಯಾರ್ಕಿನಲ್ಲಿಯೇ ಆಡಿಸಿದರು. ತವರನ್ನು ಬಿಡದೆ, ಇರುವ ಊರನ್ನೂ ಬಿಡದೆ ಬಾಳಬಹುದೆಂಬುದಕ್ಕೆ ಇದೊಂದು ನಿದರ್ಶನ.

ಅಷ್ಟು ದೂರ ಹೋಗುವುದೇಕೆ? ಕರುಣ್ ನಾಯರ್ ಮಲೆಯಾಳಿ ಮನೆತನದವರು, ಹುಟ್ಟಿದ್ದು ರಾಜಸ್ತಾನದ ಜೋಧಪುರದಲ್ಲಿ, ಆಡಿದ್ದು ಕರ್ನಾಟಕಕ್ಕೆ. ತಮಿಳುನಾಡಿನ ಎದುರು ಅವರು ೩೨೮ ಹೊಡೆದ ದಿನ ಅವರ ಮನೆಮಾತು ಯಾವುದೆಂದು ನಾವು ಯಾರೂ ಕೇಳಲಿಲ್ಲ. ಅವರು ನಮ್ಮವರು, ಅಷ್ಟೆ. ಮುಂದೆ ಅವರು ವಿದರ್ಭಕ್ಕೆ ಹೋಗಿ ೨೦೨೪-೨೫ರ ರಣಜಿ ಅಂತಿಮ ಪಂದ್ಯದಲ್ಲಿ ಕೇರಳದ ಎದುರು ೮೬ ಮತ್ತು ೧೩೫ ಹೊಡೆದು ಆ ಪಕ್ಷಕ್ಕೆ ಕಪ್ಪು ತಂದುಕೊಟ್ಟರು. ನಮ್ಮ ಆಂಧ್ರದ ಕಥೆಯೇ ನೋಡಿ. ೧೯೫೩-೫೪ರಲ್ಲಿ ಆಂಧ್ರ ಮೊದಲ ಸಲ ರಣಜಿಗೆ ಇಳಿದಾಗ ನಾಯಕರಾಗಿ ಬಂದವರು ಮಹಾನುಭಾವರಾದ ಸಿ. ಕೆ. ನಾಯುಡು. ಮನೆತನ ತೆಲುಗರದು, ಹುಟ್ಟಿದ್ದು ನಾಗಪುರದಲ್ಲಿ, ಹೆಸರು ಗಳಿಸಿದ್ದು ಇಂದೂರಿನ ಹೋಳ್ಕರ್ ಪಕ್ಷದಲ್ಲಿ. ೫೮ರ ವಯಸ್ಸಿನಲ್ಲಿ ಹಿರಿಯರ ನಾಡಿನ ಹೊಸ ಪಕ್ಷಕ್ಕೆ ಕೈಹಿಡಿದು ನಡೆಯಲು ಕಲಿಸಿದರು. ಯಾವ ಊರನ್ನು ಅವರು ಮರೆತರು, ಯಾವ ಊರಿಗೆ ದ್ರೋಹ ಮಾಡಿದರು? ಯಾವುದಕ್ಕೂ ಇಲ್ಲ.

ಆದ್ದರಿಂದ ನಮ್ಮ ಮಗನಿಗೆ ನಾವು ಕೊಟ್ಟ ಉತ್ತರವಿಷ್ಟು: “ಆಂಧ್ರ ಆಡಿದರೆ ಆಂಧ್ರ ನಿನ್ನದು, ಕರ್ನಾಟಕ ಆಡಿದರೆ ಕರ್ನಾಟಕ ನಿನ್ನದು. ಇಬ್ಬರೂ ಎದುರೆದುರು ನಿಂತ ದಿನ ನಿನಗೆ ತೋಚಿದ ಕಡೆ ಕೂಗು. ಆದರೆ ಎದುರು ಕಡೆಯವನು ಚೆನ್ನಾಗಿ ಹೊಡೆದರೆ ಕೈ ಕಟ್ಟಿಕೊಂಡು ಮಾತ್ರ ಕೂರಬೇಡ.” ಅವನು ಸ್ವಲ್ಪ ಯೋಚಿಸಿ, “ತಮಿಳುನಾಡು ಹೊಡೆದರೂನಾ?” ಎಂದ. ಕಷ್ಟವೆಂದು ನಮಗೂ ಗೊತ್ತು. ಹೌದೆಂದೆವು.

ಕೊನೆಯಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಅರಿಕೆ. ರಣಜಿ ಪಂದ್ಯಗಳಿಗೆ ಸಾಮಾನ್ಯವಾಗಿ ಪ್ರವೇಶಧನವಿರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ. ಕರ್ನಾಟಕದ ಪಕ್ಷ ಮುಂದೆ ಎಂದಾದರೂ ವಿಶಾಖಪಟ್ಟಣಕ್ಕಾಗಲಿ ವಿಜಯವಾಡದ ಕಡೆಗಾಗಲಿ ಬಂದರೆ, ಸಂಘದಿಂದ ಒಂದು ಬಸ್ಸು ಗೊತ್ತುಮಾಡಿ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಬಹುದು. ಎದುರು ಪಕ್ಷ ತಮಿಳುನಾಡಾದರೆ ಇಲ್ಲಿಯ ತಮಿಳು ಬಂಧುಗಳಿಗೂ ಒಂದು ಕರೆಯೋಲೆ ಹೋಗಲಿ. ಒಂದೇ ಸಾಲಿನಲ್ಲಿ ಅವರೊಬ್ಬರು ನಾವೊಬ್ಬರು ಕುಳಿತುಕೊಳ್ಳೋಣ. ತಿಂಡಿಯ ಏರ್ಪಾಡು ನಮ್ಮದು, ಕಾಫಿಯ ಏರ್ಪಾಡು ಅವರದು ಎಂದು ಮಧುರೆಯ ಮಿತ್ರರು ಈಗಾಗಲೇ ಒಪ್ಪಿದ್ದಾರೆ. ಒಂದೇ ಒಂದು ಷರತ್ತು: ಪಂದ್ಯದ ಮೊದಲ ದಿನವೇ ಹೋಗತಕ್ಕದ್ದು. ಈ ಎರಡು ನೆರೆಮನೆಯವರು ಆಡುವ ಆಟ ಭಾನುವಾರದ ತನಕ ಕಾಯುತ್ತದೆಂದು ಹೇಳುವ ಹಾಗಿಲ್ಲ.